ಸವೇತಾಳ ಕಂಠ

೧೩ ನವೆಂಬರ್ ೨೦೦೪, ಶನಿವಾರ. ಸುಚಾವಾ.

ಇವತ್ತು ಸವೇತಾಳನ್ನ ಮಣ್ಣು ಮಾಡಿ ಬಂದೆವು. ಪಾಸ್ಟರ್ ಬೆನಿಯಾಮಿನ್ ಆಡಿದ ಮಾತು ಇನ್ನೂ ಕೊರೆಯುತ್ತಿದೆ. ಪೆಟ್ಟಿಗೆಯ ಪಕ್ಕ ನಿಂತು ಹೇಳಿದ: "ನಮ್ಮ ಸವೇತಾ ಅಜ್ಜಿಗೆ ದೇವರು ಕಂಠ ಒಂದು ಕೊಡಲಿಲ್ಲ ನೋಡಿ. ಹಾಡುವಾಗ ಬರೀ ತುಟಿ ಅಲ್ಲಾಡ್ತಿತ್ತು." ನಾನೂರು ಜನ ಮೆಲ್ಲಗೆ ನಕ್ಕರು. ಪ್ರೀತಿಯಿಂದಲೇ.

ಅವನಿಗೇನು ಗೊತ್ತು. ನಮ್ಮ ಈ ಚರ್ಚಿನ ಸಭೆ ಹುಟ್ಟಿದ್ದು, ಮನೆಯಲ್ಲಿ ಕೂಡಿ ಪ್ರಾರ್ಥಿಸುವುದೂ ಅಪರಾಧವಾಗಿದ್ದ ಕಮ್ಯುನಿಸ್ಟರ ಕಾಲದಲ್ಲಿ, ನನ್ನ ಅಡುಗೆಮನೆಯಲ್ಲಿ, ಐದೇ ಜನರಿಂದ. ಹೊರಗೆ ಕೇಳಿಸಬಾರದು ಅಂತ ಕಿಟಕಿಗೆ ಕಂಬಳಿ ಕಟ್ಟಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಪಿಸುಗುಟ್ಟುತ್ತಾ ಹಾಡುತ್ತಿದ್ದೆವು. ಒಂದು ಈಸ್ಟರ್ ದಿನ ಸವೇತಾ ಮೈಮರೆತು ದನಿ ಎತ್ತಿದಳು. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ. ಗೋಡೆಯಾಚೆ ಪಕ್ಕದ ಮನೆಯವನು ಕೆಮ್ಮಿದ. ನಾನು ಅವಳ ಬಾಯಿ ಅದುಮಿ ಹಿಡಿದು, "ನಮ್ಮನ್ನೆಲ್ಲ ಜೈಲಿಗೆ ಕಳಿಸ್ತೀಯೇನೇ, ಮುಚ್ಚು" ಅಂದೆ.

ಮುಚ್ಚಿದಳು. ಆ ಸರ್ಕಾರ ಬಿತ್ತು, ದೊಡ್ಡ ಹಾಲ್ ಎದ್ದಿತು, ಮೈಕು ಬಂತು. ಅವಳು ಮಾತ್ರ ದನಿ ಬಿಡಲಿಲ್ಲ. "ಈಗ ಹಾಡೇ ಮಾರಾಯ್ತಿ" ಅಂದರೆ, "ಅಭ್ಯಾಸ ತಪ್ಪಿಹೋಯ್ತು ಬಿಡೇ" ಅನ್ನುತ್ತಿದ್ದಳು. ಕ್ಷಮಿಸು ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಇವತ್ತಾದರೂ ಎದ್ದು ಹೇಳಬಹುದಿತ್ತು. ಆ ಐವರಲ್ಲಿ ಉಳಿದವಳು ಇವಳೊಬ್ಬಳೇ ಅಂತ ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದರು. ಎಲ್ಲರ ಜೊತೆ ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಅವಳ ಆ ಈಸ್ಟರ್ ಹಾಡನ್ನು ಒಂದು ಸಲ ಗಟ್ಟಿಯಾಗಿ ಹಾಡೋಣ ಅನ್ನಿಸಿತು. ಬಾಯಿ ತೆರೆಯುವ ಮೊದಲೇ ಕೈ ತಾನಾಗಿ ಹೋಗಿ ನಲ್ಲಿ ತಿರುಗಿಸಿತು.