ನಾಲ್ಕನೇ ನಂಬರಿನ ಚಡ್ಡಿ

ಕಾರ್ಲ್,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಹೊಡೆದುಹಾಕಿದ್ದು ನಿನ್ನ ಕಣ್ಣಿಗೆ ಬೀಳಲಿ.

ನೀನು ಲಂಡನ್ನಿನಿಂದ ಕಳಿಸಿದ ಹೂವು ನಿನ್ನೆ ಬಂತು. ಎಷ್ಟು ದೊಡ್ಡ ಗುಚ್ಛವೆಂದರೆ, ಹೊತ್ತು ತಂದವನ ಮುಖವೇ ಕಾಣಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ 'ಎನಿಡ್ ಆಂಟಿಗೆ, ಎಲ್ಲದಕ್ಕೂ ಥ್ಯಾಂಕ್ಸ್' ಎಂದಿತ್ತು. ಎಲ್ಲದಕ್ಕೂ! ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು. ಆ 'ಎಲ್ಲ'ದಲ್ಲಿ ಏನೇನಿದೆ ಎಂದು ಮೊನ್ನೆಯವರೆಗೂ ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು, ನಿನಗೆ ಮತ್ತು ನನಗೆ. ಹೂವನ್ನು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟೆ. ಅವಳು ಫುಟ್‌ಬಾಲ್ ನೋಡುವುದಿಲ್ಲ, ಅವಳ ಮನೆಯಲ್ಲಿ ಅದು ಮರ್ಯಾದೆಯಿಂದ ಇರುತ್ತದೆ.

ಹಾರ್ವಿಕ್ ರೋವರ್ಸ್ ಮೇಲಿನ ದರ್ಜೆಯಿಂದ ಬಿದ್ದು ಇವತ್ತಿಗೆ ಹತ್ತು ದಿನ. ಬರೀ ಒಂದು ಪಾಯಿಂಟಿನಲ್ಲಿ ಬಿದ್ದೆವು. ನೀನು ಅದಾದ ಮೊದಲ ಮಂಗಳವಾರವೇ ಹೊಸ ಕ್ಲಬ್ಬಿನ ಅಂಗಿಯನ್ನು ಎದೆಗೆ ಹಿಡಿದುಕೊಂಡು ಫೋಟೋಗೆ ನಕ್ಕೆಯಲ್ಲ, ಆ ಪೇಪರನ್ನು ವಿಲ್ಫ್ ಮಡಚಿ ಬೆಂಕಿಗೂಡಿಗೆ ಹಾಕಿದ. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಗಂಡ ಪದಬಂಧ ತುಂಬದೆ ಪೇಪರು ಸುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಾನು ಆ ಕ್ಲಬ್ಬಿನ ಬಟ್ಟೆ ಒಗೆಯುತ್ತಾ ಇಪ್ಪತ್ತೊಂಬತ್ತು ವರ್ಷವಾಯಿತು. ನೀನು ಕಿರಿಯರ ತಂಡಕ್ಕೆ ಬಂದಾಗ ನಿನಗೆ ಹತ್ತು ವರ್ಷ, ನಿನ್ನಮ್ಮ ಬಿಸ್ಕತ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬರುವ ತನಕ ನನ್ನ ಡ್ರೈಯರಿನ ಪಕ್ಕ ಕುಳಿತು ಹೋಂವರ್ಕ್ ಮಾಡುತ್ತಿದ್ದೆ. ಮೊಣಕಾಲಿನಿಂದ ಸೊಂಟದವರೆಗೆ ಮಣ್ಣು, ಕಿವಿಯೊಳಗೂ ಮಣ್ಣು. ಯಾರ ಕಾಲಿಗಾದರೂ ನುಗ್ಗುತ್ತಿದ್ದೆ, ನಿನ್ನ ಎರಡರಷ್ಟು ಎತ್ತರದವರ ಕಾಲಿಗೂ. ನಿನ್ನ ಚಡ್ಡಿಯೊಂದನ್ನು ಉಜ್ಜುವ ಹೊತ್ತಿಗೆ ಉಳಿದ ಹತ್ತು ಮುಗಿಯುತ್ತಿದ್ದವು. ಬೈಯುತ್ತಾ ಉಜ್ಜುತ್ತಿದ್ದೆ, ಆದರೆ ಆ ಬೈಗುಳದಲ್ಲಿ ಎಷ್ಟು ಹೆಮ್ಮೆಯಿತ್ತೆಂದು ನನಗೇ ಗೊತ್ತು. ಮಕ್ಕಳಿಲ್ಲದವಳು ನಾನು. ಯಾರನ್ನಾದರೂ ಹಚ್ಚಿಕೊಳ್ಳಬೇಕಿತ್ತು, ನಿನ್ನನ್ನು ಹಚ್ಚಿಕೊಂಡೆ. ಇದನ್ನು ನಿನ್ನ ಮುಂದೆ ಎಂದೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು ಸಿಟ್ಟಿನಲ್ಲಿ, ಅದೂ ನೆನಪಿರಲಿ.

ಮಿಸ್ಟರ್ ಗಿಲ್ರಾಯ್ ಮ್ಯಾನೇಜರಾಗಿ ಬಂದ ಮೇಲೆ ಸೋಮವಾರದ ಪದ್ಧತಿ ಶುರುವಾಯಿತು. ಶನಿವಾರ ಆಡಿದ ಚಡ್ಡಿಗಳನ್ನು ಸೋಮವಾರ ಒಂಬತ್ತು ಗಂಟೆಯವರೆಗೆ ಒಗೆಯುವಂತಿರಲಿಲ್ಲ. ನಂಬರಿನ ಪ್ರಕಾರ ಹಗ್ಗಕ್ಕೆ ಹಾಕಿಡಬೇಕು. ಅವರು ಬಂದು ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ನೋಡುತ್ತಾ ಹೋಗುತ್ತಿದ್ದರು. ಓಡುವುದನ್ನು ಯಾರು ಬೇಕಾದರೂ ಓಡುತ್ತಾರೆ, ಬಿದ್ದವರು ಯಾರು ಎನ್ನುವುದು ಅವರಿಗೆ ಬೇಕಾಗಿತ್ತು. ಚೆಂಡಿಗಾಗಿ ನೆಲಕ್ಕೆ ಬಿದ್ದು ಜಾರಿದವನ ಚಡ್ಡಿಯಲ್ಲಿ ಸೊಂಟದ ಪಕ್ಕದಲ್ಲಿ ಒಂದು ಗುರುತು ಇರುತ್ತದೆ, ಅಂಗೈಯಗಲ, ಒಳಗೆ ಮಣ್ಣು, ಅಂಚಿಗೆ ಹುಲ್ಲಿನ ಹಸಿರು. ಅದು ಬೇರೆ ರೀತಿಯಲ್ಲಿ ಬರುವುದಿಲ್ಲ. ನೀವು ಹುಡುಗರೆಲ್ಲ ಇದನ್ನು ಮುದುಕನ ಹುಚ್ಚು ಎಂದು ನಗುತ್ತಿದ್ದಿರಿ. ಆದರೆ ಸೋಮವಾರ ಹತ್ತು ಗಂಟೆಗೆ ತಂಡದ ಪಟ್ಟಿ ನೋಡುವಾಗ ಯಾರೂ ನಗುತ್ತಿರಲಿಲ್ಲ.

ಜನವರಿಯ ಶುರುವಿನಿಂದಲೇ ನಾಲ್ಕನೇ ನಂಬರಿನ ಚಡ್ಡಿ ಬೆಳ್ಳಗೆ ಬರತೊಡಗಿತು. ನೀನು ಕ್ಯಾಪ್ಟನ್, ನಡುಮೈದಾನದಲ್ಲಿ ಆಡುವವನು. ನಿನಗೆ ಮಣ್ಣು ಹತ್ತದಿದ್ದರೆ ಇನ್ನು ಯಾರಿಗೆ ಹತ್ತಬೇಕು? ಮೊದಲು ಜ್ವರವಿರಬಹುದು ಅಂದುಕೊಂಡೆ. ಆಮೇಲೆ ಯಾವುದೋ ಹುಡುಗಿಯ ವಿಷಯ ಅಂದುಕೊಂಡೆ. ಜನವರಿಯ ಕೊನೆಯ ಸೋಮವಾರ ಎಂಟು ಗಂಟೆಗೇ ನೀನು ಒಗೆಯುವ ಕೋಣೆಗೆ ಬಂದೆ. ಚಹಾ ಕೊಟ್ಟೆ, ಕುಡಿಯಲಿಲ್ಲ. ಲಂಡನ್ನಿನವರ ಜೊತೆ ಮಾತು ಮುಗಿದಿದೆ, ಬೇಸಿಗೆಯಲ್ಲಿ ಹೋಗುತ್ತೇನೆ, ಅದುವರೆಗೆ ಯಾರಿಗೂ ಹೇಳುವಂತಿಲ್ಲ ಎಂದೆ. ಹೋಗುವುದು ತಪ್ಪಲ್ಲ ಕಣೋ. ನಾನೇ ನಿನಗೆ ಸೂಟ್‌ಕೇಸು ಕಟ್ಟಿಕೊಡುತ್ತಿದ್ದೆ. ಆದರೆ ನೀನು ಹಗ್ಗದ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ ಮಾತು ಬೇರೆ.

"ಕಾಲು ಮುರ್ಕೊಂಡ್ರೆ ಎಲ್ಲ ಹೋಯ್ತು ಆಂಟಿ. ಅದಕ್ಕೇ ಸ್ವಲ್ಪ ಜೋಪಾನವಾಗಿ ಆಡ್ತಿದೀನಿ. ಆದ್ರೆ ಮುದುಕ ಈ ವಾರಾನೂ ಬಿಳೀ ಚಡ್ಡಿ ನೋಡಿದ್ರೆ ನನ್ನ ಹೊರಗೆ ಕೂರಿಸ್ತಾನೆ. ಹೊರಗೆ ಕೂತವನನ್ನ ಲಂಡನ್ನಿನವ್ರು ತಗೋತಾರಾ?"

ಮಾಡು ಎಂದು ನೀನು ಹೇಳಲಿಲ್ಲ. ಅಷ್ಟು ಜಾಣತನ ನಿನಗಿದೆ. ಸುಮ್ಮನೆ ನನ್ನ ಮುಖ ನೋಡಿದೆ, ಹತ್ತು ವರ್ಷದವನಿದ್ದಾಗ ಬಿಸ್ಕತ್ ಡಬ್ಬ ನೋಡುತ್ತಿದ್ದೆಯಲ್ಲ, ಹಾಗೆ. ನಾನು ಬೂಟಿನ ಕೋಣೆಗೆ ಹೋದೆ. ಬೂಟುಗಳಿಂದ ಕೆಡವಿದ ಮಣ್ಣು ಮೂಲೆಯಲ್ಲಿ ಬಿದ್ದಿತ್ತು, ಹುಲ್ಲೂ ಇತ್ತು. ಒಂದು ಹಿಡಿ ತಂದು ನೀರು ಚಿಮುಕಿಸಿ ನಿನ್ನ ಚಡ್ಡಿಯ ಸೊಂಟಕ್ಕೆ ತಿಕ್ಕಿದೆ. ಗುರುತು ಹೇಗಿರಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂಬತ್ತಕ್ಕೆ ಮಿಸ್ಟರ್ ಗಿಲ್ರಾಯ್ ಬಂದರು. ನಾಲ್ಕನೇ ನಂಬರಿನ ಮುಂದೆ ಸ್ವಲ್ಪ ಹೊತ್ತು ನಿಂತರು, ತಲೆಯಾಡಿಸಿದರು, ಮುಂದೆ ಹೋದರು.

ಒಂದೇ ಸಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹನ್ನೊಂದು ಸೋಮವಾರ ಮಾಡಿದೆ. ಪ್ರತಿ ಸಲವೂ ನೀನು ಬಂದು ಚಹಾ ಕುಡಿದು ಹೋದೆ, ಕೆನ್ನೆಗೊಂದು ಮುತ್ತು ಕೊಟ್ಟು ಹೋದೆ. ಅತ್ತ ನಾವು ಸೋಲುತ್ತಲೇ ಇದ್ದೆವು. ಹದಿನಾಲ್ಕನೇ ಸ್ಥಾನದಿಂದ ಹದಿನೇಳಕ್ಕೆ, ಹದಿನೇಳರಿಂದ ಹತ್ತೊಂಬತ್ತಕ್ಕೆ. ಪಬ್ಬಿನಲ್ಲಿ ಹೆರಾಲ್ಡ್, ವಿಲ್ಫ್‌ನ ಜೊತೆ ಮೂವತ್ತು ವರ್ಷ ಬಸ್ಸು ಓಡಿಸಿದವನು, ನಿಮ್ಮ ಕಾರ್ಲ್ ಕಾಲು ಎಳ್ಕೋತಾ ಇದಾನೆ ಎಂದನಂತೆ. ವಿಲ್ಫ್ ಗ್ಲಾಸು ಕುಕ್ಕಿ ಎದ್ದು, ನನ್ನ ಹೆಂಡತಿ ಅವನ ಚಡ್ಡಿ ಒಗೆಯುತ್ತಾಳೆ, ನಿನಗೇನು ಗೊತ್ತು ಎಂದು ಕೂಗಾಡಿ ಬಂದ. ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ, ಹುಡುಗ ಬೀಳ್ತಾ ಇದಾನೆ ತಾನೆ ಅಂತ. ಹೌದು ಎಂದೆ. ಕಣ್ಣಲ್ಲಿ ಕಣ್ಣಿಟ್ಟು ಹೌದು ಎಂದೆ. ಅವತ್ತಿನಿಂದ ಆ ಇಬ್ಬರು ಮುದುಕರು ಮಾತು ಬಿಟ್ಟರು.

ಇನ್ನು ಕೊನೆಯ ಶನಿವಾರ. ಡ್ರಾ ಆಗಿದ್ದರೂ ಉಳಿಯುತ್ತಿದ್ದೆವು, ಒಂದಕ್ಕೆ ಒಂದು ಇತ್ತು. ಐವರ್ ಪ್ರಾಬರ್ಟ್‌ನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಒಳಗೆ ಬಿಟ್ಟಿದ್ದರು. ಮೂವತ್ನಾಲ್ಕು ವರ್ಷದ ಮನುಷ್ಯ, ವರ್ಷವಿಡೀ ಬೆಂಚಿನ ಮೇಲೆ ಕುಳಿತೂ ತುಟಿ ಪಿಟಕ್ಕೆನ್ನದವನು. ಎಂಬತ್ತೆರಡನೇ ನಿಮಿಷದಲ್ಲಿ ಚೆಂಡು ನಡುಮೈದಾನದಲ್ಲಿ ಯಾರಿಗೂ ಸೇರದೆ ಉರುಳುತ್ತಿತ್ತು. ನೀನು ಹತ್ತಿರವಿದ್ದೆ, ಎದುರು ತಂಡದವನೊಬ್ಬ ಓಡಿ ಬರುತ್ತಿದ್ದ. ನೀನು ಕಾಲು ಹಾಕಿದಂತೆ ಮಾಡಿ ಪುಟಕ್ಕನೆ ಪಕ್ಕಕ್ಕೆ ಹಾರಿದೆ. ನಾನು ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಯಲ್ಲಿ ಟವೆಲು ಹಿಡಿದು ನಿಂತಿದ್ದೆ, ನನಗೆ ಕಂಡಿತು. ಅವನು ಚೆಂಡು ತಗೊಂಡು ನೇರ ನಮ್ಮ ಗೋಲಿನತ್ತ ಹೋಗಿ ಹೊಡೆದ. ಐವರ್ ಅಡ್ಡ ಬಿದ್ದ. ಚೆಂಡು ಅವನ ಮೊಣಕಾಲಿಗೆ ತಗುಲಿ ದಿಕ್ಕು ಬದಲಿಸಿ ನಮ್ಮ ಗೋಲಿನೊಳಕ್ಕೇ ಹೋಯಿತು.

ಮಾರನೆಯ ದಿನ ಪೇಪರಿನಲ್ಲಿ ಏನು ಬಂತು ಗೊತ್ತೇ? 'ಪ್ರಾಬರ್ಟ್, ಸ್ವಂತ ಗೋಲು, 82.' ನಿನ್ನ ಹಾರಾಟದ ಬಗ್ಗೆ ಒಂದು ಅಕ್ಷರವಿಲ್ಲ. ಈಗ ಊರಿನವರೆಲ್ಲ ಅವನ ಬೆನ್ನು ಬಿದ್ದಿದ್ದಾರೆ. ಅವನ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬೈಗುಳ ಬಳಿದರು. ಅವನ ಹೆಂಡತಿ ಗ್ಲೆನಿಸ್ ಬ್ರೆಡ್ಡು ತರಲು ಹೋದರೆ ಸಾಲಿನಲ್ಲಿದ್ದವರು ಬೆನ್ನು ತಿರುಗಿಸಿದರಂತೆ. ಕಿರಿಯರ ತಂಡಕ್ಕೆ ಅವನನ್ನೇ ಕೋಚ್ ಮಾಡುತ್ತೇವೆ ಎಂದು ಕ್ಲಬ್ಬು ಮಾತು ಕೊಟ್ಟಿತ್ತು. ಈಗ ನಿರ್ದೇಶಕರು ಜನ ಒಪ್ಪುವುದಿಲ್ಲ ಎಂದು ರಾಗ ಎಳೆಯುತ್ತಿದ್ದಾರೆ, ಶುಕ್ರವಾರ ತೀರ್ಮಾನವಂತೆ. ಆಟ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ ಅವನು. ನೀನು ಕಾಲು ಉಳಿಸಿಕೊಂಡೆ, ಅದಕ್ಕೆ ತೆತ್ತವನು ಅವನು. ಒಂದು ಮಾತು ಆಡಿದೆಯಾ ನೀನು? ಫೋಟೋದಲ್ಲಿ ಹಲ್ಲು ಬಿಡುವಾಗ ಒಂದು ಸಲವಾದರೂ 'ತಪ್ಪು ಐವರ್‌ದಲ್ಲ' ಎನ್ನಲು ನಾಲಿಗೆಗೆ ಏನಾಗಿತ್ತು? ನಾಚಿಕೆಗೇಡು ಕಣೋ. ನೂರು ಸಲ ನಾಚಿಕೆಗೇಡು.

ಮಿಸ್ಟರ್ ಗಿಲ್ರಾಯ್ ಅವರನ್ನೂ ನಿರ್ದೇಶಕರು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮೊನ್ನೆ ಅವರು ಕೋಣೆ ಖಾಲಿ ಮಾಡುತ್ತಿದ್ದಾಗ ನಾನು ಚಹಾ ತೆಗೆದುಕೊಂಡು ಹೋದೆ, ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಬೂಟಿನ ಮಣ್ಣು, ಹನ್ನೊಂದು ಸೋಮವಾರ, ಎಲ್ಲ. ಅವರು ಕೈಯಲ್ಲಿದ್ದ ಫೈಲು ಪೆಟ್ಟಿಗೆಗೆ ಹಾಕುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಆ ಮೊದಲ್ನೇ ಸೋಮವಾರ ನಾನು ಐವರ್ ಹೆಸರು ಬರ್ಕೊಂಡೇ ಕೆಳಗೆ ಬಂದಿದ್ದೆ ಎನಿಡ್," ಎಂದರು. "ಕಾರ್ಲ್ ಬದಲು ಅವನೇ, ಕ್ಯಾಪ್ಟನ್ನೂ ಅವನೇ. ಮೂರು ಆಟದಿಂದ ನನ್ನ ಕಣ್ಣಿಗೆ ಕಾಣ್ತಿತ್ತು. ಆಮೇಲೆ ನಿಮ್ಮ ಹಗ್ಗ ನೋಡಿದೆ. ನನ್ನ ಕಣ್ಣೇ ಮೋಸ ಮಾಡ್ತಿದೆ ಅಂದ್ಕೊಂಡು ಚೀಟಿ ಹರಿದೆ."

ಅಷ್ಟೇ ಹೇಳಿದ್ದು. ಚಹಾ ಚೆನ್ನಾಗಿದೆ ಎಂದರು, ಪೆಟ್ಟಿಗೆ ಎತ್ತಿಕೊಂಡು ಹೊರಟರು. ನಾನು ಆ ಖಾಲಿ ಕೋಣೆಯಲ್ಲಿ ಕುಳಿತು ಅತ್ತೆ. ನಿನ್ನ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಎರಡು ಪಾಲು. ನೀನು ತಂಡಕ್ಕೆ ಮೋಸ ಮಾಡಿದೆ, ನಾನು ನನ್ನ ಕೈಕಸುಬಿಗೆ ಮೋಸ ಮಾಡಿದೆ. ಆ ಮನುಷ್ಯ ನಂಬಿದ್ದು ನಿನ್ನನ್ನಲ್ಲ, ನನ್ನನ್ನು.

ಮನೆಗೆ ಬಂದು ವಿಲ್ಫ್‌ಗೂ ಹೇಳಿದೆ. ಅವನು ರೇಡಿಯೋ ಆರಿಸಿದ. ಆಮೇಲೆ ಎದ್ದು ಟೋಪಿ ಹಾಕಿಕೊಂಡು, ಹೆರಾಲ್ಡ್ ಮನೆಗೆ ಹೋಗಿ ಬರ್ತೀನಿ ಎಂದ. ನನ್ನ ಕಡೆ ತಿರುಗಿ ನೋಡಲಿಲ್ಲ. ಈಗಲೂ ನೋಡುತ್ತಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ತಿಂದು ತಟ್ಟೆ ತೊಳೆದಿಡುತ್ತಾನೆ, ಅಷ್ಟೇ.

ಗುರುವಾರ ಸಂಜೆ ಆರಕ್ಕೆ ಚಾಪೆಲ್ ಸಭಾಂಗಣದಲ್ಲಿ ಅಭಿಮಾನಿಗಳ ಸಭೆ ಇದೆ. ಐವರ್ ಕೋಚ್ ಆಗಕೂಡದು ಎಂದು ನಿರ್ಣಯ ಮಾಡುತ್ತಾರಂತೆ. ನಾನು ಎದ್ದು ನಿಂತು ಮಾತಾಡುತ್ತೇನೆ ಎಂದು ಹೆಸರು ಕೊಟ್ಟು ಬಂದಿದ್ದೇನೆ. ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಬಂದಷ್ಟು ಬರಲಿ. ನಾನು ಏನು ಮಾಡಿದೆ, ಯಾರಿಗಾಗಿ ಮಾಡಿದೆ ಎಂದು ಹೇಳುತ್ತೇನೆ. ಅವರು ನನ್ನ ಗೋಡೆಗೂ ಬಣ್ಣ ಬಳಿಯಲಿ, ಅಂಗಡಿಯ ಸಾಲಿನಲ್ಲಿ ನನಗೂ ಬೆನ್ನು ತಿರುಗಿಸಲಿ. ಕೆಲಸ ಹೇಗೂ ಉಳಿಯುವುದಿಲ್ಲ, ಉಳಿಯಬಾರದು ಕೂಡ.

ನೀನು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀ. ಬಂದರೆ ನಾನು ನನ್ನ ಪಾಲು ಹೇಳಿ ಕೂರುತ್ತೇನೆ, ನಿನ್ನ ಪಾಲು ನೀನೇ ಹೇಳು, ಐವರ್‌ನ ಮುಖ ನೋಡಿ ಹೇಳು. ಬರದಿದ್ದರೆ ಎರಡೂ ಪಾಲನ್ನು ನಾನೇ ಹೇಳಬೇಕಾಗುತ್ತದೆ. ಬೆನ್ನ ಹಿಂದೆ ಮಾತಾಡಿದೆ ಎನ್ನಬೇಡ, ಅದಕ್ಕೇ ಮೊದಲೇ ಬರೆದಿದ್ದೇನೆ.

ಕಾಗದದ ಕೊನೆಗೆ ದೊಡ್ಡವರು ಚಿಕ್ಕವರನ್ನು ಹರಸಬೇಕು. ಪೆನ್ನು ಹಿಡಿದು ಕುಳಿತೆ, ಕೈ ಏಳಲಿಲ್ಲ. ಗುರುವಾರ ಆ ಸಭಾಂಗಣದ ಬಾಗಿಲಲ್ಲಿ ನೀನು ಕಂಡರೆ, ಅಷ್ಟೂ ಜನರ ಮುಂದೆ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ. ಅಂಚೆಯಲ್ಲಿ ಕಳಿಸುವುದಿಲ್ಲ.

ಇಂತಿ,
ಮಿಸೆಸ್ ಎನಿಡ್ ಹ್ಯಾಲಿವೆಲ್
(ಆಂಟಿ ಎಂದು ಬರೆದಿಲ್ಲ. ಮರೆತಿದ್ದಲ್ಲ.)