ಕೇಬಲ್ಲಿನ ತಪ್ಪಲ್ಲ ಸರ್

ನಮ್ಮ ಸರ್ ಅವರಿಗೆ, ನಿಮ್ಮ ನೀಲಾ ಮಾಡುವ ನಮಸ್ಕಾರ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲವಾದರೆ ಪೀಠಿಕೆ ಸಾಕು ಅನ್ನುತ್ತೀರಿ. ಗಂಗಾವತಿಯ ರೈಸ್‌ಮಿಲ್ಲಿನ ತಂಟೆ ಕೊನೆಗೂ ಬಗೆಹರಿಯಿತು. ಕೇಬಲ್ಲಿನ ತಪ್ಪಲ್ಲ ಸರ್. ತಪ್ಪು ನಿಮ್ಮದು. ಸಿಟ್ಟಾಗದೆ ಪೂರ್ತಿ ಓದಿ.

ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಸಿ ಪ್ರೋಗ್ರಾಮಿಂಗ್ ಕಲಿಸಲು ಬಂದ ಮೊದಲ ದಿನ ನೆನಪಿದೆಯೇ? ಹಲಗೆಯ ಮೇಲೆ ಒಂದಕ್ಷರ ಬರೆಯಲಿಲ್ಲ. ಇರಕಲ್ಲಗಡದಿಂದ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ನನ್ನನ್ನು ಎಬ್ಬಿಸಿ, ಗೇಟಿನೆದುರಿನ ಗಾಡಿಯಿಂದ ಹತ್ತು ಮಿರ್ಚಿ ಭಜಿ ತರಲು ಕಳಿಸಿದಿರಿ. ಕೊಟ್ಟಷ್ಟನ್ನು ತಂದು ನಿಮ್ಮ ಮೇಜಿನ ಮೇಲಿಟ್ಟೆ.

"ಎಷ್ಟು ಹೇಳಿದ್ದೆ?"

"ಹತ್ತು ರೀ ಸರ್."

"ಎಷ್ಟು ಬಂದ್ವು?"

ನಾನು ನೋಡಿಯೇ ಇರಲಿಲ್ಲ. ಪೊಟ್ಟಣದಲ್ಲಿ ಆರೇ ಇದ್ದವು.

"ಬೇಡಿದಷ್ಟು ಬಂದಾವಂತ ತಿಳ್ಕೊಂಡು ಬಂದಿ ನೋಡು. ಹೋಗು, ಉಳಿದ ನಾಕಕ್ಕ ಅಲ್ಲೇ ನಿಂದ್ರು. ನಡುವ ಯಾರರ ಮಾತಾಡ್ಸಿದ್ರ ಮಾತಾಡು, ಆದ್ರ ಹೊಳ್ಳಿ ಮತ್ತ ಕೇಳು. ಹಿಟ್ಟು ತೀರೇತಿ ಅಂದ್ರ ಬಂದ್ಬಿಡು. ಗಾಡಿಗೇ ಬೆಂಕಿ ಹತ್ತಿತ್ತಂದ್ರ ಓಡಿ ಬಂದು ಹೇಳು."

ಕ್ಲಾಸೆಲ್ಲ ನಕ್ಕಿತು. ಎಲ್ಲರಿಗೂ ಒಂದೊಂದು ತುಂಡು ಹಂಚಿದ ಮೇಲೆ ಹೇಳಿದಿರಿ, ಪ್ರೋಗ್ರಾಂ ಹೊರಗಿನಿಂದ ಅಕ್ಷರ ಓದಿಕೊಳ್ಳುವ ರೀಡ್ ಅಂದರೆ ಇದೇ ಅಂತ. ಫೈಲ್ ಡಿಸ್ಕ್ರಿಪ್ಟರ್ ಅಂದರೆ ಒಂದು ಸಣ್ಣ ಅಂಕಿ. ಅದರಾಚೆ ಫೈಲ್ ಇದೆಯೋ, ಬರೀ ತಂತಿಯಿದೆಯೋ, ನಮಗೆ ಕಾಣುವುದಿಲ್ಲ. ನೂರಕ್ಷರ ಬೇಡಿದರೆ ಎಷ್ಟು ಬಂದವೆಂದು ರೀಡ್ ತಾನೇ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು. ಕಡಿಮೆಯಾದರೆ ಉಳಿದದ್ದಕ್ಕೆ ಮತ್ತೆ ಕೇಳಬೇಕು. ಸೊನ್ನೆ ಬಂದರೆ ತೀರಿತು. ಮೈನಸ್ ಒಂದು ಬಂದರೆ ಕಾರಣ ನೋಡಬೇಕು, ಬರೀ ಅಡ್ಡಿಯೋ ನಿಜವಾದ ಬೆಂಕಿಯೋ ಅಂತ. ಇಷ್ಟು ವರ್ಷವಾದರೂ ನನಗೆ ಆ ಪಾಠದ ಎಣ್ಣೆಯ ವಾಸನೆ ಸಹ ಮರೆತಿಲ್ಲ.

ನೀವು ನಿವೃತ್ತರಾಗಿ ಕೊಪ್ಪಳದ ಕುಷ್ಟಗಿ ರಸ್ತೆಯಲ್ಲಿ ಆ ಸಣ್ಣ ಅಂಗಡಿ ಇಟ್ಟಾಗ ಊರವರು ಮೊಬೈಲ್ ರಿಪೇರಿ ಅಂದುಕೊಂಡಿದ್ದರು. ಲಾರಿ ತೂಗುವ ವೇಬ್ರಿಜ್ಜಿಗೆ ಪ್ರೋಗ್ರಾಂ ಬರೆಯುವ ಅಂಗಡಿ ಅಂದರೆ ಯಾರಿಗೆ ಅರ್ಥವಾಗಬೇಕು? ಗಿಣಿಗೇರಾದ ಕಾರ್ಖಾನೆಯ ಕೆಲಸಕ್ಕೆ ರಜೆ ಇದ್ದ ದಿನ ನಾನೂ ಬಂದು ಕೂರುತ್ತಿದ್ದೆ. ಒಂದು ಭಾನುವಾರ ನೀವು ಬೆಸುಗೆ ಹಾಕುತ್ತಾ, ತಲೆ ಎತ್ತದೆ, "ಇನ್ನ ಮ್ಯಾಲೆ ಇದನ್ನೆಲ್ಲ ನೀನ..." ಅನ್ನುವಷ್ಟರಲ್ಲಿ ಫೋನು ಬಂತು. ಮಾತಾಡುತ್ತಾ ಹೊರಗೆ ಹೋದವರು ಹೊಸ ಕೇಬಲ್ ಹಿಡಿದುಕೊಂಡೇ ಬಂದಿರಿ. ಮೇಜು ಒರೆಸುವುದು ನನ್ನ ಪಾಲಿನ ಕೆಲಸ ಅಂದಿರೆಂದು ತಿಳಿದು ಅಂದಿನಿಂದ ಬಂದಾಗಲೆಲ್ಲ ಒರೆಸಿದ್ದೇ ಒರೆಸಿದ್ದು.

ಆ ಫೋನು ಗಂಗಾವತಿಯದು. ಅಲ್ಲಿ ನಿಮ್ಮ ಪ್ರೋಗ್ರಾಂ ತೂಕವನ್ನು ಓದಿ, ಒಳಗೆ ಕಂಪ್ಯೂಟರಿನಲ್ಲಿ ತೋರಿಸಿ, ಹೊರಗೆ ಗೋಡೆಯ ಮೇಲಿನ ಕೆಂಪು ಅಂಕಿಗಳ ದೊಡ್ಡ ಬೋರ್ಡಿಗೂ ಕಳಿಸುತ್ತಿತ್ತು. ಒಮ್ಮೊಮ್ಮೆ ಬೋರ್ಡು ಮಾತ್ರ ಏನೇನೋ ತೋರಿಸುತ್ತಿತ್ತು. ಭತ್ತ ತಂದವರು ನಂಬುವುದು ಹೊರಗಿನ ಅಂಕಿಯನ್ನೇ ತಾನೆ? ಮಾಲೀಕರು ಸೌಮ್ಯವಾಗಿಯೇ ಹೇಳಿದ್ದರು: "ಒಳಗೊಂದು ಹೊರಗೊಂದು ಅಂದ್ರ ರೈತ್ರು ನನ್ನ ಕಳ್ಳ ಅಂತಾರ್ರಿ. ಮುಂದಿನ ಸುಗ್ಗಿಗೆ ಸರಿ ಆಗ್ಲಿಲ್ಲಂದ್ರ ನಿಮ್ಮ ಡಬ್ಬಿ ನೀವು ತಗೊಂಡು ಹೋಗ್ರಿ." ಆ ಮಿಲ್ಲು ಕೈಬಿಟ್ಟರೆ ಉಳಿದವೂ ಬಿಡುತ್ತವೆ, ಅಂಗಡಿಗೆ ಬೀಗವೇ ಗತಿ ಎಂದು ನಿಮಗೂ ಗೊತ್ತಿತ್ತು. ಕೇಬಲ್ ಬದಲಿಸಿದಿರಿ. ಇಲಿ ಕಡಿಯುತ್ತವೆಂದು ಕಬ್ಬಿಣದ ಪೈಪು ಹಾಕಿಸಿದಿರಿ. ಆಸ್ಪತ್ರೆಯ ಮಂಚದ ಮೇಲೂ ನೀವು ನನಗೆ ಹೇಳಿದ ಕಡೆಯ ಮಾತು "ಆ ಕೇಬಲ್ ಒಮ್ಮೆ..." ಎಂಬುದೇ.

ನೀವು ಹೋದ ಮೇಲೆ ರಜೆ ಹಾಕಿ ಆ ಮಿಲ್ಲಿಗೆ ಹೋಗಿ ಕೂತೆ. ಒಬ್ಬ ಡ್ರೈವರ್ ಲಾರಿಯನ್ನು ಸರಿಯಾಗಿ ನಿಲ್ಲಿಸಲಾರದೆ ಹಿಂದೆ ಮುಂದೆ ಮಾಡುತ್ತಿದ್ದ. ತೂಕ ಬದಲಾಗುತ್ತಲೇ ಇತ್ತು, ಪ್ರೋಗ್ರಾಂ ಒಂದರ ಹಿಂದೊಂದು ಅಂಕಿ ಕಳಿಸುತ್ತಲೇ ಇತ್ತು, ಪಾಪ ಬೋರ್ಡು ನಿಧಾನ. ಕೆಂಪು ಅಂಕಿಗಳು ಕಲಸಿಹೋದವು. ಆಗ ಹೊಳೆಯಿತು. ರೀಡ್ ಇದ್ದ ಕಡೆಯಲ್ಲೆಲ್ಲ ನೀವು ಮಿರ್ಚಿಯ ಹಾಗೆ ಲೆಕ್ಕ ಕೇಳಿದ್ದೀರಿ. ರೈಟ್, ಅಂದರೆ ಬರೆದು ಕಳಿಸುವುದು ಇದ್ದ ಕಡೆ? ಎಂಟಕ್ಷರ ಕೊಟ್ಟು, ಎಷ್ಟು ಹಿಡಿಸಿತೆಂದು ಕೇಳದೆ ಮುಂದಕ್ಕೆ ಹೋಗಿದ್ದೀರಿ. ಪ್ರೋಗ್ರಾಂ ಬೋರ್ಡಿಗಾಗಿ ಕಾಯದಂತೆ ನೀವೇ ಮಾಡಿಟ್ಟಿದ್ದಿರಿ, ಅದು ಸರಿಯೇ. ಆದರೆ ಅದು ಐದೇ ಹಿಡಿಸಿತು ಅಂದಾಗ ಉಳಿದ ಮೂರು ಬಿದ್ದುಹೋಗಿ, ಮುಂದಿನ ತೂಕ ಬಂದು ಅದರ ಬಾಲಕ್ಕೆ ಅಂಟಿಕೊಳ್ಳುತ್ತಿತ್ತು. ಈಗ ಉಳಿದದ್ದನ್ನು ಇಟ್ಟುಕೊಂಡು, ಬೋರ್ಡಿಗೆ ಬಿಡುವಾದಾಗ, ಎಲ್ಲಿ ನಿಂತಿತ್ತೋ ಅಲ್ಲಿಂದ ಕಳಿಸುವಂತೆ ಮಾಡಿದ್ದೇನೆ. ಸುಗ್ಗಿ ಮುಗಿಯಿತು, ಬೋರ್ಡು ಒಮ್ಮೆಯೂ ತಪ್ಪಲಿಲ್ಲ. "ಡಬ್ಬಿ ಇಲ್ಲೇ ಇರ್ಲಿ ಬಿಡ್ರಿ" ಅಂದರು ಮಾಲೀಕರು.

ಈ ಖುಷಿ ಹೇಳಲು ನಿಮ್ಮ ಮನೆಗೆ ಹೋದಾಗ ಅಮ್ಮಾರು ಒಗ್ಗರಣಿ ಹಾಕಿದ ಮಂಡಾಳು ಕೊಟ್ಟು ಕೂರಿಸಿದರು. ನಿಮ್ಮ ತಪ್ಪು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆ ನೀರು ನಗುವಿನದಾಗಿ ಉಳಿಯಲಿಲ್ಲ.

"ಮನ್ಯಾಗೂ ಇದ ಕತಿ ನೀಲವ್ವ. ತಾವು ಹೇಳಿದ್ದು ಮುಟ್ತೋ ಇಲ್ಲೋ ಅಂತ ಒಮ್ಮ್ಯಾರ ಹೊಳ್ಳಿ ಕೇಳಿದವರಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ಅದಿರ್ಲಿ, ಅಂಗಡಿ ಯಾವಾಗ ತಗಿತಿ?" ಅಂದರು.

"ನಾನೇನ್ರಿ?"

"ಮತ್ಯಾರು? ಅಂಗಡಿ ಇನ್ನ ಮ್ಯಾಲೆ ನೀಲಾಂದು, ಆಕಿಗಿ ಹೇಳೀನಿ ಅಂದಿದ್ರಲ್ಲ ನಿಮ್ಮ ಸರ್. ಯಾಕ ಬರವಲ್ಲಳು ಈ ಹುಡುಗಿ ಅಂತ ನಾ ದಾರಿ ಕಾಯಾಕತ್ತೀನಿ."

ಸರ್, ಆ ಭಾನುವಾರದ ನಿಮ್ಮ ಮಾತಿನಲ್ಲಿ ನನಗೆ ಐದೇ ಅಕ್ಷರ ಮುಟ್ಟಿದ್ದವು. ಉಳಿದದ್ದು ಬೀಳಲಿಲ್ಲ, ಅಮ್ಮಾರ ಹತ್ತಿರ ಇತ್ತು. ಎಷ್ಟು ಅತ್ತೆ ಅಂತ ನಿಮಗೆ ಯಾಕೆ ಹೇಳಲಿ?

ಆಚೆ ಓದುವವರು ಬಾಗಿಲು ಹಾಕಿಕೊಂಡು ಹೋದ ಮೇಲೂ ಬರೆಯಲು ಹೋದರೆ ಪ್ರೋಗ್ರಾಂ ನಿಂತಲ್ಲೇ ಸತ್ತುಹೋಗುತ್ತದೆ, ಹಾಗಾಗದಂತೆ ಮೊದಲೇ ಒಂದು ಸಾಲು ಬರೆದಿಡಬೇಕು ಎಂದು ಕಲಿಸಿದವರು ನೀವೇ. ಆ ಸಾಲು ಬರೆದುಕೊಂಡೇ ಈ ಕಾಗದಕ್ಕೆ ಕೂತಿದ್ದೇನೆ. ಕಾರ್ಖಾನೆಯ ಕೆಲಸ ಬಿಟ್ಟೆ. ಇವತ್ತು ಬೆಳಿಗ್ಗೆ ಅಮ್ಮಾರು ಬೀಗ ತೆಗೆದರು, ನಾನು ಶಟರ್ ಎತ್ತಿದೆ. ಮೇಜಿನ ಮೇಲೆ ಧೂಳು ಕೂತಿತ್ತು, ಹಳೇ ರೂಢಿ, ಮೊದಲು ಅದನ್ನೇ ಒರೆಸಿದೆ. ನಿಮ್ಮ ಮಾತು ಪೂರ್ತಿ ಮುಟ್ಟಿತು ಸರ್.