ನಾನು ಲಾರಿ ಓಡಿಸಿದ ದಿನ

ಅಮ್ಮಿ ಶಶಿರೇಖಾ,

ನೀನು ಫೋನು ಎತ್ತಲ್ಲ. ನಿಮ್ಮ ಆಫೀಸಿನವನು ನೋಡಿದರೆ "ಏನಿದ್ರೂ ಬರೆದುಕೊಡಿ ಅಜ್ಜಿ" ಅಂತಾನೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳ ಕೈಗೆ ಪೆನ್ನು ಹಿಡಿಸಿದ್ದೀರಿ. ಬೈದುಕೊಂಡೇ ಬರೀತಿದ್ದೀನಿ, ತಪ್ಪಿದ್ದರೆ ನೀನೇ ತಿದ್ದಿಕೋ.

ಅವತ್ತು ನೀನು ಗುಂಡ್ಲುಪೇಟೆ ಸ್ಕೂಲಿನ ಹಾಲಿನಲ್ಲಿ ನೆಲದ ತುಂಬಾ ಊರನ್ನೇ ಹಾಸಿದ್ದೆ. ಬಟ್ಟೆಯ ಮೇಲೆ ಬಸ್‌ಸ್ಟ್ಯಾಂಡು, ಕೆರೆ, ನಾವು ಹೂವಿನವರು ಕೂರುವ ಹೊಂಗೆಮರ ಕೂಡ, ಬೆರಳುದ್ದ. ಪುರಸಭೆ ಮಾಡುವ ಹೊಸ ರಸ್ತೆ ಹೇಗಿರಬೇಕು ಅಂತ ಜನವೇ ಆಡಿ ತೋರಿಸಲಿ ಅಂದೆ ನೀನು. ನಾನು ನಲವತ್ತು ವರ್ಷ ಆ ಮರದಡಿ ಕೂತಿದ್ದೀನಿ, ಊರನ್ನು ಮೇಲಿಂದ ನೋಡಿರಲಿಲ್ಲ. ಕೊಕ್ಕರೆ ನೋಡುವ ಹಾಗೆ ನೋಡಿದೆ. ಮನೆಗಳೆಲ್ಲ ಸಕ್ಕರೆ ಅಚ್ಚು.

ಯಾರಿಗೆ ಯಾರ ವೇಷ ಅಂತ ನೀನು ಚೀಟಿ ಎತ್ತಿಸಿದೆ. ನನಗೆ ಲಾರಿ ಡ್ರೈವರ್ ಬಂತು. "ಈಗ ನೀವು ಮರಿತಾಯಮ್ಮ ಅಲ್ಲ, ಅವನ ಕಣ್ಣಲ್ಲೇ ನೋಡಿ" ಅಂದೆ. ನಾನು ನೋಡಿದೆ ಕಣಮ್ಮಿ. ಆಟದ ಲಾರಿ ಕೈಗೆ ಬಂದದ್ದೇ ತಡ, ಕೇರಳದ ದಾರಿಯೆಲ್ಲ ನನ್ನದೇ ಅನ್ನಿಸಿತು. ಕಾಡಿನ ಬಿದಿರು, ಮಂಜು, ಬೆನ್ನ ಹಿಂದೆ ಚೆಂಡುಹೂವಿನ ಘಮಲು. ಹೊಂಗೆಮರ ಅಡ್ಡ ಬಂತು, ಕಿತ್ತು ಆಚೆಗಿಟ್ಟೆ. ಹೂವಿನವರು ಅಂತ ಇಟ್ಟಿದ್ದ ಹಳದಿ ಬಿಲ್ಲೆಗಳನ್ನು ಅಂಗೈಲಿ ಬಳಿದು ಕೆರೆಯಾಚೆ ಹಾಕಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಯಾರು ಯಾವತ್ತು ಚಪ್ಪಾಳೆ ಹೊಡೆದಿದ್ದರು? ನೀನು ಫೋಟೋ ತೆಗೆದು, "ಇದೇ ಜನರ ನಕ್ಷೆ, ಇಪ್ಪತ್ತನೇ ತಾರೀಕು ಪುರಸಭೆಗೆ ಕೊಡ್ತೀವಿ" ಅಂದೆ.

ದಿನಾ ತೆರಕಣಾಂಬಿಯಿಂದ ಬಸ್ಸಿಗೆ ಬಂದು ನನ್ನ ಪಕ್ಕ ಕೂರುವ ಪುಟ್ಟಮಾದಮ್ಮನಿಗೆ ಜಂಬದಿಂದಲೇ ಹೇಳಿದೆ. ಅವಳು ಕಟ್ಟುತ್ತಿದ್ದ ಕನಕಾಂಬರ ಕೆಳಗಿಟ್ಟು, "ಚೆಂದಾಗೇ ಓಡ್ಸ್‌ಬುಟ್ಟೆ ಬುಡಕ್ಕ. ಕೆರೆಯಾಚ್ಗೆ ಯಾವ ಬಸ್ ಬತ್ತದೆ? ನಾನ್ ಎಲ್ಲಿ ಇಳೀಲಿ?" ಅಂದಳು. ಐದು ದಿನವಾಯಿತು, ಬುಟ್ಟಿ ದೂರಕ್ಕೆಳೆದುಕೊಂಡೇ ಕೂರುತ್ತಾಳೆ.

ಮಧ್ಯಾಹ್ನ ಹೂ ಕಟ್ಟುತ್ತಾ ತೂಕಡಿಸಿದರೆ ಸಾಕು, ಆ ಬಟ್ಟೆಯ ಮೇಲೆ ಬರಿಗಾಲಲ್ಲಿ ನಡೀತಿರುತ್ತೀನಿ. ಕೆರೆ ನನ್ನ ಪಾದದಷ್ಟೇ ಅಗಲ. ಪುಟ್ಟಮಾದಮ್ಮ ಬಿಲ್ಲೆಯಷ್ಟಾಗಿ ಕೂತಿರುತ್ತಾಳೆ, ಕೂಗಿದರೂ ಕೇಳಿಸದಷ್ಟು ಕೆಳಗೆ. ಎತ್ತಿ ಮರದಡಿ ಇಡೋಣ ಅಂತ ಬಗ್ಗಿದರೆ ಎಚ್ಚರವಾಗುತ್ತೆ.

ಆಟ ಕೆಟ್ಟದ್ದಲ್ಲ. ನೀನೂ ಕೆಟ್ಟವಳಲ್ಲ, ಮಂಡಿ ನೋವು ಅಂದಾಗ ಕೈಹಿಡಿದು ಎಬ್ಬಿಸಿದವಳು. ಆದರೆ ಲಾರಿಯವನು ಆಡಿದ್ದನ್ನು ಮರಿತಾಯಮ್ಮ ಬೇಕು ಅಂತ ಕೇಳಿದ್ದು ಅಂತ ಪುರಸಭೆಗೆ ಕೊಡಬೇಡ. ಇನ್ನೊಂದು ಸಲ ಹಾಸು. ಪುಟ್ಟಮಾದಮ್ಮನನ್ನೂ ಕೂರಿಸು. ನನಗೆ ನನ್ನ ಚೀಟಿಯನ್ನೇ, ಹೂವಿನವಳದ್ದನ್ನೇ ಕೊಡು.

ನಿನ್ನ ಜಡೆ ಹೂವಿಲ್ಲದೆ ಒಂದು ದಿನವೂ ಇರದಿರಲಿ.

ಹೂವಿನ ಮರಿತಾಯಮ್ಮ,
ಹೊಂಗೆಮರದಡಿ, ಗುಂಡ್ಲುಪೇಟೆ

ಆ ಫೋಟೋ ಕೊಡ್ತೀಯೋ, ತಡೀತೀಯೋ? ಹದಿನೆಂಟನೇ ತಾರೀಕಿನೊಳಗೆ ಉತ್ತರ ಬರಬೇಕು.